ಮೊಬೈಲ್ ವಿಮಾನ ನಿಜವಾಗಿ ಹಾರುತ್ತದೆಯೇ?



ಕೆಲವು ವಾರಗಳ ಹಿಂದೆ ವಿಜಯಪುರದ ಬಸ್ ನಿಲ್ದಾಣದಲ್ಲಿ ತಿಕೋಟಾ ಬಸ್ಸಿಗಾಗಿ ಕಾಯುತ್ತಾ ಕುಳಿತಿದ್ದೆ. ಪಕ್ಕದ ಬೆಂಚಿನಲ್ಲಿ ನಿಮ್ಮಷ್ಟೇ ವಯಸ್ಸಿನ ಇಬ್ಬರು ಹುಡುಗರು ತಮ್ಮ ಮಾಮಾನ ಮೊಬೈಲಿನಲ್ಲಿ ಯುದ್ಧವಿಮಾನದ ಆಟ ಆಡುತ್ತಿದ್ದರು. ನಾನು ಇಣುಕಿ ನೋಡುವುದನ್ನು ಕಂಡು ಒಬ್ಬ, "ನೋಡ್ರಿ ಸರ್, ಖರೇ ವಿಮಾನದ್ಹಂಗ ಐತ್ರಿ" ಎಂದು ಮೊಬೈಲನ್ನು ನನ್ನ ಕಡೆ ತಿರುಗಿಸಿದ.

ಚಿತ್ರ ಬಹಳ ಚೆನ್ನಾಗಿತ್ತು. ಮೋಡಗಳಿದ್ದವು. ರೆಕ್ಕೆಯ ಮೇಲೆ ಬಿಸಿಲು ಹೊಳೆಯುತ್ತಿತ್ತು. ಆದರೆ ವಿಮಾನ ಮಾತ್ರ ಗಾಂಧಿ ಚೌಕದಲ್ಲಿ ಆಟೊ ತಿರುಗಿದ ಹಾಗೆ ನಿಂತಲ್ಲೇ ತಿರುಗಿಬಿಟ್ಟಿತು. ಆಮೇಲೆ ಹುಡುಗ ಅದರ ಮೂತಿಯನ್ನು ನೇರ ಆಕಾಶಕ್ಕೆ ಮಾಡಿದ. ಎಂಜಿನ್ನಿನ ಗುಂಡಿಯಿಂದ ಬೆರಳನ್ನೂ ತೆಗೆದಿದ್ದ. ಆದರೂ ವಿಮಾನ ಏರುತ್ತಲೇ ಇತ್ತು! ವೇಗ ಒಂದಿಷ್ಟೂ ಇಳಿಯಲಿಲ್ಲ.

"ಇದು ಖರೇ ವಿಮಾನದ್ಹಂಗ ಇಲ್ಲಪ್ಪ" ಎಂದೆ. ಹುಡುಗನಿಗೆ ಸಿಟ್ಟು ಬಂತು. "ಹೆಂಗ ಇಲ್ರಿ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಬಸ್ಸು ಬರುವುದರೊಳಗೆ ಹೇಳಿ ಮುಗಿಸಲು ನನಗೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಮಾನದ ಆಟ ನಿಜಕ್ಕೆ ಎಷ್ಟು ಹತ್ತಿರ ಎಂಬುದನ್ನು ನಾವು ಸಾಮಾನ್ಯವಾಗಿ ಚಿತ್ರ ನೋಡಿ ತೀರ್ಮಾನಿಸುತ್ತೇವೆ. ಇದು ತಪ್ಪು ಎಂಬುದು ನನ್ನ ಅಭಿಪ್ರಾಯ. ವಿಮಾನ ಇರುವುದು ಚಿತ್ರದಲ್ಲಲ್ಲ, ಚಿತ್ರದ ಹಿಂದೆ ನಡೆಯುವ ಲೆಕ್ಕದಲ್ಲಿ. ಈ ಲೆಕ್ಕಕ್ಕೆ 'ಹಾರಾಟದ ಮಾದರಿ' ಎನ್ನುತ್ತಾರೆ. ಲೆಕ್ಕ ಸರಿಯಿದ್ದರೆ ಪರದೆಯ ಮೇಲೆ ಬರೀ ಒಂದು ಚುಕ್ಕೆ ಓಡಾಡಿದರೂ ಅದು ವಿಮಾನವೇ. ಲೆಕ್ಕ ತಪ್ಪಿದರೆ ಎಷ್ಟೇ ಬಣ್ಣ ಬಳಿದರೂ ಅದು ವಿಮಾನದ ವೇಷ ಹಾಕಿದ ಆಟೊ.

ಈ ಲೆಕ್ಕ ಹೇಗೆ ನಡೆಯುತ್ತದೆ? ಒಂದು ಸುಲಭ ಉದಾಹರಣೆಯಿಂದ ಆರಂಭಿಸೋಣ. ನಮ್ಮ ಗೋಲಗುಂಬಜಿನ ಎತ್ತರ ಸುಮಾರು 51 ಮೀಟರ್. ಅದಕ್ಕಿಂತ ತುಸು ಕೆಳಗೆ, 45 ಮೀಟರ್ ಎತ್ತರದಿಂದ ಒಂದು ಕಲ್ಲು ಬೀಳುತ್ತದೆ ಎಂದುಕೊಳ್ಳಿ. (ದಯವಿಟ್ಟು ಅಂದುಕೊಳ್ಳಿ ಅಷ್ಟೇ, ಹೋಗಿ ಎಸೆಯಬೇಡಿ!) ಬೀಳುವ ಕಲ್ಲಿನ ವೇಗ ಪ್ರತಿ ಸೆಕೆಂಡಿಗೆ ಸುಮಾರು 10 ಮೀಟರಿನಷ್ಟು ಹೆಚ್ಚುತ್ತದೆ. ಅದು ನೆಲ ಮುಟ್ಟಲು 3 ಸೆಕೆಂಡ್ ಬೇಕು.

ಕಂಪ್ಯೂಟರಿಗೆ ಕಲ್ಲು ಬೀಳುವುದು ಕಾಣುವುದಿಲ್ಲ. ಅದು ಕಾಲವನ್ನು ತುಂಡು ತುಂಡು ಮಾಡಿ ಲೆಕ್ಕ ಹಾಕುತ್ತದೆ. ಒಂದು ತುಂಡಿನ ಆರಂಭದಲ್ಲಿ ಇದ್ದ ವೇಗವೇ ಆ ತುಂಡು ಮುಗಿಯುವವರೆಗೂ ಇರುತ್ತದೆ ಎಂದು ಭಾವಿಸುತ್ತದೆ. ಒಂದೊಂದು ಸೆಕೆಂಡಿನ ತುಂಡು ಮಾಡಿದರೆ ಮೊದಲ ಸೆಕೆಂಡಿನಲ್ಲಿ 0 ಮೀಟರ್, ಎರಡನೆಯದರಲ್ಲಿ 10, ಮೂರನೆಯದರಲ್ಲಿ 20. ಒಟ್ಟು 30 ಮೀಟರ್. ನಿಜವಾದ ಉತ್ತರ 45! ಈಗ ಅರ್ಧ ಸೆಕೆಂಡಿನ ತುಂಡು ಮಾಡಿ ನೋಡಿ. 37.5 ಮೀಟರ್ ಬರುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗ ಮಾಡಿದರೆ 43.5 ಮೀಟರ್. ತುಂಡು ಚಿಕ್ಕದಾದಷ್ಟೂ ಉತ್ತರ ನಿಜಕ್ಕೆ ಹತ್ತಿರ ಬರುತ್ತದೆ. ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇದನ್ನು ಮಾಡಿ ನೋಡಿ. ಐದು ನಿಮಿಷವೂ ಬೇಡ.

ವಿಮಾನದ ಆಟವೂ ಇದನ್ನೇ ಮಾಡುತ್ತದೆ. ಒಂದು ಸೆಕೆಂಡನ್ನು ಹತ್ತಾರು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ವಿಮಾನದ ಮೇಲಿನ ಬಲಗಳನ್ನೆಲ್ಲ ಕೂಡಿಸುತ್ತದೆ. ಎಂಜಿನ್ನಿನ ನೂಕುಬಲ, ಗಾಳಿಯ ಎಳೆತ, ರೆಕ್ಕೆ ಕೊಡುವ ಎತ್ತುಬಲ, ಮತ್ತು ವಿಮಾನದ ತೂಕ. ಮೊತ್ತವನ್ನು ರಾಶಿಯಿಂದ ಭಾಗಿಸಿದರೆ ವೇಗ ಎಷ್ಟು ಬದಲಾಗಬೇಕು ಎಂಬುದು ಸಿಗುತ್ತದೆ. ನ್ಯೂಟನ್‌ನ ಎರಡನೇ ನಿಯಮ, ಅಷ್ಟೇ. ಇದರ ಜೊತೆಗೆ ವಿಮಾನ ಯಾವ ಕಡೆಗೆ ಉರುಳುತ್ತದೆ, ಮೂತಿ ಎತ್ತುತ್ತದೋ ಇಳಿಸುತ್ತದೋ ಎಂಬ ಲೆಕ್ಕವೂ ಬೇಕು. ಇಂಥ ಸಮೀಕರಣಗಳನ್ನು ಜಿ. ಎಚ್. ಬ್ರಯಾನ್ ಎಂಬ ಗಣಿತಜ್ಞ 1911ರಲ್ಲೇ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದ. ಆಗ ಕಂಪ್ಯೂಟರ್ ಇರಲಿಲ್ಲ. ಭಾರತದ ಆಕಾಶದಲ್ಲಿ ಮೊದಲ ಬಾರಿಗೆ ಟಪಾಲು ಹೊತ್ತ ವಿಮಾನ ಅಲಹಾಬಾದಿನಲ್ಲಿ ಹಾರಿದ್ದೂ ಅದೇ ವರ್ಷ!

ನ್ಯೂಟನ್‌ನ ನಿಯಮ ಎಲ್ಲ ಆಟ ತಯಾರಿಸುವವರಿಗೂ ಗೊತ್ತು. ಕಷ್ಟ ಇರುವುದು ಗಾಳಿಯಲ್ಲಿ.

ತಿಕೋಟಾ ಅಥವಾ ಬಬಲೇಶ್ವರದ ಹೊಲದ ಕಣದಲ್ಲಿ ಜೋಳದ ರಾಶಿ ಮಾಡುವುದನ್ನು ನಿಮ್ಮ ಅಜ್ಜ ಅಜ್ಜಿಯಂದಿರನ್ನು ಕೇಳಿ. ಈಗ ಯಂತ್ರಗಳು ಬಂದಿವೆ, ಆದರೆ ಅವರು ಗಾಳಿಗೆ ತೂರಿದವರು. ಮೊರದಿಂದ ಜೋಳವನ್ನು ಮೇಲಿನಿಂದ ಬಿಟ್ಟರೆ ಕಾಳು ಕಾಲ ಬುಡದಲ್ಲೇ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಎರಡಕ್ಕೂ ಅದೇ ಗಾಳಿ. ಆದರೆ ಹೊಟ್ಟಿನ ತೂಕಕ್ಕೆ ಹೋಲಿಸಿದರೆ ಗಾಳಿಯ ಎಳೆತ ದೊಡ್ಡದು, ಕಾಳಿನ ತೂಕಕ್ಕೆ ಹೋಲಿಸಿದರೆ ಚಿಕ್ಕದು. ಕಾಳು ಮತ್ತು ಹೊಟ್ಟು ಎರಡೂ ಒಂದೇ ಕಡೆ ಬೀಳುವ ಆಟವನ್ನು ಯಾರಾದರೂ ಮಾಡಿದರೆ ನಿಮ್ಮ ಅಜ್ಜಿ ನೋಡಿದ ಕೂಡಲೇ "ಇದು ಸುಳ್ಳು" ಎನ್ನುತ್ತಾಳೆ. ಅಜ್ಜಿ ಭೌತಶಾಸ್ತ್ರ ಓದಿಲ್ಲ, ಆದರೆ ಗಾಳಿಯನ್ನು ಬಲ್ಲಳು.

ರೆಕ್ಕೆಯ ಮೇಲಿನ ಎತ್ತುಬಲ ಗಾಳಿಯ ಸಾಂದ್ರತೆಯನ್ನು ಅವಲಂಬಿಸಿದೆ. ವೇಗದ ವರ್ಗವನ್ನೂ ಅವಲಂಬಿಸಿದೆ, ಅಂದರೆ ವೇಗ ಅರ್ಧವಾದರೆ ಎತ್ತುಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಜೊತೆಗೆ ಎದುರಿನ ಗಾಳಿಗೆ ರೆಕ್ಕೆ ಎಷ್ಟು ಓರೆಯಾಗಿದೆ ಎಂಬುದೂ ಮುಖ್ಯ. ಓರೆ ಹೆಚ್ಚಿಸಿದರೆ ಎತ್ತುಬಲ ಹೆಚ್ಚುತ್ತದೆ. ಆದರೆ ಒಂದು ಮಿತಿಯವರೆಗೆ ಮಾತ್ರ. ಸಾಧಾರಣ ರೆಕ್ಕೆಗೆ ಈ ಮಿತಿ ಸುಮಾರು 15 ಡಿಗ್ರಿ. ಅದು ದಾಟಿದರೆ ರೆಕ್ಕೆಯ ಮೇಲ್ಭಾಗವನ್ನು ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಹೋಗಿ ಸುಳಿಸುಳಿಯಾಗುತ್ತದೆ. ಎತ್ತುಬಲ ಕುಸಿಯುತ್ತದೆ. ಇದಕ್ಕೆ ಪೈಲಟ್‌ಗಳು 'ಸ್ಟಾಲ್' ಎನ್ನುತ್ತಾರೆ. ಎಂಜಿನ್ ನಿಂತುಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಸೋಲುವುದು ರೆಕ್ಕೆ.

ಸ್ಟಾಲ್ ನೋಡಲು ಮೊಬೈಲ್ ಬೇಕಿಲ್ಲ. ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಕಾಗದದ ವಿಮಾನ ಮಾಡಿ, ಅದರ ರೆಕ್ಕೆಗಳ ಹಿಂದಿನ ಅಂಚನ್ನು ಸ್ವಲ್ಪ ಮೇಲಕ್ಕೆ ಮಡಚಿ, ಗಾಳಿ ಇಲ್ಲದ ಕಡೆ ಮೆಲ್ಲಗೆ ಬಿಡಿ. ಅದು ಮೂತಿ ಎತ್ತಿ ಮೇಲೇರುತ್ತದೆ, ನಿಧಾನವಾಗುತ್ತದೆ, ಒಂದು ಕ್ಷಣ ತೂಗಾಡಿದಂತೆ ಮಾಡಿ ಮೂತಿ ಕೆಳಗೆ ಹಾಕಿ ಜಾರುತ್ತದೆ. ಜಾರುವಾಗ ವೇಗ ಬರುತ್ತದೆ. ವೇಗ ಬಂದೊಡನೆ ಮತ್ತೆ ಮೂತಿ ಎತ್ತುತ್ತದೆ. ಬಬಲೇಶ್ವರದ ಒಂದು ಶಾಲೆಯ ವರಾಂಡದಲ್ಲಿ ಮಕ್ಕಳೊಂದಿಗೆ ನಾನು ಇದನ್ನು ಮಾಡಿದ್ದೇನೆ. ಮುಂಭಾಗಕ್ಕೆ ಒಂದು ಜೆಮ್ ಕ್ಲಿಪ್ ಸಿಕ್ಕಿಸಿದರೆ ಹಾರಾಟ ಪೂರ್ತಿ ಬದಲಾಗುತ್ತದೆ. ಬಸ್ ನಿಲ್ದಾಣದಲ್ಲಿ ನಾನು ನೋಡಿದ ಆ ಆಟಕ್ಕಿಂತ ಈ ಹಾಳೆ ಹೆಚ್ಚು ಪ್ರಾಮಾಣಿಕ ಎಂದರೆ ನಿಮಗೆ ಬೇಸರವಾಗಬಹುದು, ಆದರೆ ಅದು ಸತ್ಯ.

ಈಗ ತಿರುಗುವ ವಿಷಯಕ್ಕೆ ಬರೋಣ. ಯುದ್ಧವಿಮಾನದ ಆಟದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ವಿಮಾನಕ್ಕೆ ರಸ್ತೆ ಇಲ್ಲ, ಚಕ್ರ ಹಿಡಿದುಕೊಳ್ಳಲು ನೆಲವಿಲ್ಲ. ತಿರುಗಬೇಕಾದರೆ ಅದು ಒಂದು ಪಕ್ಕಕ್ಕೆ ವಾಲಿ, ರೆಕ್ಕೆಯ ಎತ್ತುಬಲದಿಂದಲೇ ತನ್ನನ್ನು ಒಳಕ್ಕೆ ಎಳೆದುಕೊಳ್ಳಬೇಕು. ಅದೇ ಎತ್ತುಬಲ ತೂಕವನ್ನೂ ಹೊರಬೇಕು. ಹಾಗಾಗಿ 60 ಡಿಗ್ರಿ ವಾಲಿ, ಎತ್ತರ ಕಳೆದುಕೊಳ್ಳದೆ ತಿರುಗುವ ವಿಮಾನದ ರೆಕ್ಕೆ ತೂಕದ 2 ಪಟ್ಟು ಎತ್ತುಬಲ ಕೊಡಬೇಕಾಗುತ್ತದೆ. ಒಳಗಿರುವ ಪೈಲಟ್‌ಗೂ ತನ್ನ ತೂಕ 2 ಪಟ್ಟಾದಂತೆ ಅನಿಸುತ್ತದೆ.

ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನಕ್ಕೆ ವಿಜಯಪುರದಿಂದ ತಿಕೋಟಾ ಒಂದೂವರೆ ನಿಮಿಷದೊಳಗಿನ ದಾರಿ. ಅದೇ ವೇಗದಲ್ಲಿ ತಿಕೋಟಾದ ಮೇಲೆ 60 ಡಿಗ್ರಿ ವಾಲಿ ಸುತ್ತು ಹೊಡೆದರೆ ಆ ಸುತ್ತಿನ ಅಗಲ 7 ಕಿಲೋಮೀಟರಿಗೂ ಹೆಚ್ಚು! ಊರಿನ ಹೊರಗಿನ ದ್ರಾಕ್ಷಿ ತೋಟಗಳನ್ನೂ ದಾಟಿ ಹೋಗುವಷ್ಟು ದೊಡ್ಡ ವೃತ್ತ. ಇನ್ನೂ ಬಿಗಿಯಾಗಿ, ತೂಕದ 8 ಪಟ್ಟು ಬಲ ಬರುವಂತೆ ತಿರುಗಿದರೂ ವೃತ್ತದ ಅಗಲ 1600 ಮೀಟರ್ ಆಗುತ್ತದೆ. ನಮ್ಮ ತೇಜಸ್ ಯುದ್ಧವಿಮಾನದ ಮಿತಿ ಈ 8 ಪಟ್ಟು. 40 ಕೆ.ಜಿ. ತೂಕದ ನೀವು ಆ ಆಸನದಲ್ಲಿ ಕುಳಿತಿದ್ದರೆ 320 ಕೆ.ಜಿ. ತೂಗಿದಂತೆ ಅನಿಸುತ್ತಿತ್ತು. ಮೂರು ಕ್ವಿಂಟಲ್ ಜೋಳದ ಚೀಲ ಮೈಮೇಲೆ ಹೇರಿದ ಹಾಗೆ. ರಕ್ತ ತಲೆಯಿಂದ ಕಾಲಿನ ಕಡೆ ಇಳಿದು ಕಣ್ಣು ಕತ್ತಲಿಡುತ್ತದೆ. ಅದಕ್ಕೆಂದೇ ಪೈಲಟ್‌ಗಳು ಕಾಲು ಹೊಟ್ಟೆಗಳನ್ನು ಬಿಗಿಯುವ ವಿಶೇಷ ಉಡುಪು ಧರಿಸುತ್ತಾರೆ.

ಇಷ್ಟೇ ಅಲ್ಲ. ಹೀಗೆ ತಿರುಗುವುದಕ್ಕೆ ಬೆಲೆ ತೆರಬೇಕು. ಎತ್ತುಬಲ 2 ಪಟ್ಟಾದರೆ, ಆ ಎತ್ತುಬಲದಿಂದಲೇ ಹುಟ್ಟುವ ಎಳೆತ 4 ಪಟ್ಟಾಗುತ್ತದೆ. ಬಿಗಿಯಾಗಿ ತಿರುಗಿದ ವಿಮಾನ ವೇಗ ಕಳೆದುಕೊಳ್ಳುತ್ತದೆ. ವೇಗ ಕಳೆದುಕೊಂಡರೆ ಮುಂದಿನ ಸಲ ಅಷ್ಟು ಬಿಗಿಯಾಗಿ ತಿರುಗಲಾರದು. ವೇಗ ಮತ್ತೆ ಬೇಕೆಂದರೆ ಎತ್ತರ ಕಳೆದುಕೊಳ್ಳಬೇಕು. ಇದು ಕಬಡ್ಡಿಯ ಉಸಿರಿದ್ದಂತೆ. ಎದುರಾಳಿಯ ಅಂಗಳಕ್ಕೆ ಹೋದವನು ಉಸಿರು ಮುಗಿಯುವ ಮುಂಚೆ ಗೆರೆ ಮುಟ್ಟಬೇಕು. ಎಷ್ಟು ದೂರ ಹೋಗಲಿ, ಯಾವಾಗ ತಿರುಗಲಿ ಎಂಬ ಯೋಚನೆ ಇರುವುದರಿಂದಲೇ ಅದು ಕಬಡ್ಡಿ. ಉಸಿರು ಹಿಡಿಯುವ ನಿಯಮವನ್ನೇ ತೆಗೆದುಬಿಟ್ಟರೆ ಏನು ಉಳಿಯುತ್ತದೆ? ಬರೀ ತಳ್ಳಾಟ. ವೇಗ ಕಳೆಯದ ವಿಮಾನದ ಆಟವೂ ಅಷ್ಟೇ, ಬರೀ ಗುಂಡು ಹಾರಿಸುವ ಗದ್ದಲ.

ಇನ್ನೊಂದು ಮಾತು. ಎಷ್ಟೋ ಆಟಗಳಲ್ಲಿ ಕಂಪ್ಯೂಟರ್ ಓಡಿಸುವ ಎದುರಾಳಿ ವಿಮಾನಕ್ಕೆ ಬೇರೆಯದೇ, ಸರಳವಾದ ಲೆಕ್ಕ ಇರುತ್ತದೆ. ನೀವು ಉಸಿರು ಹಿಡಿಯಬೇಕು, ಅವನು ಹಿಡಿಯಬೇಕಿಲ್ಲ! ದೊಡ್ಡ ದೊಡ್ಡ ಕಂಪ್ಯೂಟರ್ ಆಟಗಳಲ್ಲೂ ಇದು ಉಂಟು. ಒಂದೇ ಸಲಕ್ಕೆ ಹತ್ತಾರು ವಿಮಾನಗಳ ಪೂರ್ತಿ ಲೆಕ್ಕ ಹಾಕುವುದು ಭಾರ ಎಂಬುದು ಕಾರಣ. ಕಾರಣ ಸರಿ, ಆದರೂ ನನಗೆ ಇದು ಮೋಸದಾಟ ಅನಿಸುತ್ತದೆ.

"ಆಟ ಆಟವೇ, ಮಕ್ಕಳು ನಲಿಯಲಿ ಬಿಡಿ. ನಿಜವಾದ ವಿಮಾನದಷ್ಟು ಕಷ್ಟ ಮಾಡಿದರೆ ಯಾರು ಆಡುತ್ತಾರೆ?" ಎಂದು ನನ್ನ ಗೆಳೆಯರೊಬ್ಬರು ವಾದಿಸುತ್ತಾರೆ. ಅವರೂ ಶಿಕ್ಷಕರೇ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ನಿಜವಾದ ಪೈಲಟ್ ವರ್ಷಗಟ್ಟಲೆ ಕಲಿಯುತ್ತಾನೆ, ಬಸ್ಸಿಗೆ ಕಾಯುವ ಹುಡುಗನಿಗೆ ಇರುವುದು ಹತ್ತು ನಿಮಿಷ. ಸರಳ ಮಾಡುವುದು ತಪ್ಪಲ್ಲ. ನಿಮ್ಮ ವಿಜ್ಞಾನ ಪುಸ್ತಕವೂ ಸರಳ ಮಾಡುತ್ತದೆ. ಮೇಲಿನ ಕಲ್ಲಿನ ಲೆಕ್ಕದಲ್ಲಿ ನಾನೂ ಗಾಳಿಯ ಎಳೆತವನ್ನು ಬಿಟ್ಟೆ. ಗುರುತ್ವದ 9.8 ಅನ್ನು 10 ಮಾಡಿಕೊಂಡೆ. ಆದರೆ ಈಗ ಅದನ್ನು ನಿಮಗೆ ಹೇಳುತ್ತಿದ್ದೇನೆ. ಏನನ್ನು ಬಿಟ್ಟಿದ್ದೇವೆ ಎಂದು ಹೇಳಿದರೆ ಅದು ಸರಳೀಕರಣ. ಹೇಳದೆ "ಥೇಟ್ ನಿಜ" ಎಂದು ಮಾರಿದರೆ ಅದು ಸುಳ್ಳು. ನನ್ನ ತಕರಾರು ಇರುವುದು ಇಲ್ಲಿ.

ಲೆಕ್ಕ ನಿಜವಾಗಿರುವುದು ಯಾಕೆ ಅಷ್ಟು ಮುಖ್ಯ ಎಂದು ತಿಳಿಯಲು ನಮ್ಮ ಬೆಂಗಳೂರಿನ ಕಥೆಯನ್ನೇ ಹೇಳಬೇಕು. ತೇಜಸ್ ಅಲ್ಲೇ ರೂಪುಗೊಂಡ ವಿಮಾನ. ಅದನ್ನು ಬೇಕೆಂದೇ ಅಸ್ಥಿರವಾಗಿ ಮಾಡಿದ್ದಾರೆ. ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಕೈಯನ್ನು ಸದಾ ಅತ್ತಿತ್ತ ಆಡಿಸುತ್ತಿದ್ದರೆ ಮಾತ್ರ ನಿಲ್ಲುತ್ತದೆ. ಆದರೆ ಬೇಕಾದ ಕಡೆ ಕ್ಷಣದಲ್ಲಿ ವಾಲಿಸಲೂಬಹುದು. ತೇಜಸ್ ಕೂಡ ಹಾಗೆಯೇ. ಅದನ್ನು ನೆಟ್ಟಗೆ ಇಡುವ ಕೆಲಸ ಕಂಪ್ಯೂಟರಿನದು, ಮನುಷ್ಯನ ಕೈ ಅಷ್ಟು ಚುರುಕಲ್ಲ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ನಾಲ್ಕು ಸಮಾನಾಂತರ ವ್ಯವಸ್ಥೆಗಳಿವೆ. ಯಾವ ಸ್ಥಿತಿಯಲ್ಲಿ ಎಷ್ಟು ತಿದ್ದಬೇಕು ಎಂಬ ನಿಯಮಗಳನ್ನು ಬರೆಯಲು 1992ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ (ಎನ್‌ಎಎಲ್) ಒಂದು ತಂಡ ಕಟ್ಟಿದರು.

ಆ ತಂಡದ ಕಷ್ಟ ಯೋಚಿಸಿ. ವಿಮಾನ ಇನ್ನೂ ಹಾರಿಲ್ಲ. ಹಾರದೆ ಅದು ಹೇಗೆ ವರ್ತಿಸುತ್ತದೆಂದು ಗೊತ್ತಾಗುವುದಿಲ್ಲ. ಗೊತ್ತಾಗದೆ ಹಾರಿಸುವಂತಿಲ್ಲ. ಸ್ವೀಡನ್ ದೇಶದ ಗ್ರಿಪೆನ್ ಎಂಬ ಇಂಥದೇ ವಿಮಾನ 1989ರ ಫೆಬ್ರುವರಿ 2ರಂದು ಇಳಿಯುವಾಗ ತೂರಾಡಿ ನೆಲಕ್ಕಪ್ಪಳಿಸಿತ್ತು. ತಪ್ಪು ಇದ್ದದ್ದು ರೆಕ್ಕೆಯಲ್ಲಲ್ಲ, ಎಂಜಿನ್ನಿನಲ್ಲಲ್ಲ, ಕಂಪ್ಯೂಟರಿಗೆ ಕೊಟ್ಟ ನಿಯಮಗಳಲ್ಲಿ. ಅದೃಷ್ಟಕ್ಕೆ ಪೈಲಟ್ ಬದುಕುಳಿದರು.

ಹಾಗಾಗಿ ಲೆಕ್ಕವನ್ನೇ ನಂಬಬೇಕು, ಮತ್ತೆ ಮತ್ತೆ ಪರೀಕ್ಷಿಸಿ ನಂಬಬೇಕು. ವಿಮಾನದ ಚಿಕ್ಕ ಪ್ರತಿಕೃತಿಯನ್ನು ಗಾಳಿ ಸುರಂಗದಲ್ಲಿ ಇಟ್ಟು, ಬೇರೆ ಬೇರೆ ವೇಗದಲ್ಲಿ ಗಾಳಿ ಬಿಟ್ಟು, ಒಂದೊಂದು ಕೋನಕ್ಕೂ ಬಲ ಎಷ್ಟೆಂದು ಅಳೆಯುತ್ತಾರೆ. ಎನ್‌ಎಎಲ್‌ನಲ್ಲಿ 1960ರ ದಶಕದಿಂದಲೂ ಶಬ್ದಕ್ಕಿಂತ ವೇಗದ ಗಾಳಿ ಬೀಸಬಲ್ಲ ಸುರಂಗವಿದೆ. ಅಳೆದ ಸಂಖ್ಯೆಗಳೆಲ್ಲ ಮಗ್ಗಿ ಪುಸ್ತಕದಂತೆ ಕೋಷ್ಟಕಗಳಾಗುತ್ತವೆ. ಆ ಕೋಷ್ಟಕಗಳನ್ನು ಸಿಮ್ಯುಲೇಟರ್ ಎಂಬ ಯಂತ್ರಕ್ಕೆ ಕೊಡುತ್ತಾರೆ. ಪೈಲಟ್ ನೆಲದ ಮೇಲೆಯೇ ಕುಳಿತು, ಹುಟ್ಟದ ವಿಮಾನವನ್ನು ಹಾರಿಸಿ, "ಇಲ್ಲಿ ಸರಿಯಿಲ್ಲ, ಅಲ್ಲಿ ಜಗ್ಗುತ್ತದೆ" ಎಂದು ಹೇಳುತ್ತಾನೆ. 1996ರ ಜುಲೈನಲ್ಲಿ ತೇಜಸ್‌ನ ನಿಯಮಗಳನ್ನು ಅಮೆರಿಕದ ಒಂದು ವಿಶೇಷ ಎಫ್-16 ವಿಮಾನಕ್ಕೆ ತುಂಬಿ ಆಕಾಶದಲ್ಲೂ ಪರೀಕ್ಷಿಸಿದರು. ಒಂದು ವಿಮಾನ ಇನ್ನೊಂದರ ನಟನೆ ಮಾಡುವುದು! 1998ರಲ್ಲಿ ಭಾರತ ಅಣುಪರೀಕ್ಷೆ ನಡೆಸಿದಾಗ ಅಮೆರಿಕ ಸಹಕಾರ ನಿಲ್ಲಿಸಿತು. ಉಳಿದದ್ದನ್ನು ನಮ್ಮವರೇ ಮುಗಿಸಿದರು.

2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಅದನ್ನು ಮೊದಲ ಬಾರಿ ಹಾರಿಸಿದರು. ಸುಮಾರು 18 ನಿಮಿಷ. (ತೇಜಸ್ ಎಂಬ ಹೆಸರು ಬಂದದ್ದು ಆಮೇಲೆ, 2003ರಲ್ಲಿ.) ಆ 18 ನಿಮಿಷ ಅವರ ಪ್ರಾಣ ಇದ್ದದ್ದು ಆ ಕೋಷ್ಟಕಗಳ ಮೇಲೆ. ಅಲ್ಲಿ ಯಾರಾದರೂ "ಇರಲಿ ಬಿಡಿ, ಸ್ಟಾಲ್ ಲೆಕ್ಕ ಬೇಡ, ಕಷ್ಟವಾಗುತ್ತದೆ" ಎಂದಿದ್ದರೆ?

ಸಿಮ್ಯುಲೇಟರ್ ಬೆಳೆದದ್ದೂ ಪ್ರಾಣದ ಭಯದಿಂದಲೇ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬ ಯುವಕ ಹಾರ್ಮೋನಿಯಂನಲ್ಲಿರುವಂಥ ತಿದಿಗಳನ್ನು ಜೋಡಿಸಿ, ಕುಳಿತವನನ್ನು ವಾಲಿಸುವ ಒಂದು ಪುಟ್ಟ ವಿಮಾನದ ಪೆಟ್ಟಿಗೆ ಮಾಡಿದ. ಅವನ ತಂದೆ ಆರ್ಗನ್ ವಾದ್ಯ ತಯಾರಿಸುವವರು. ಮೊದಮೊದಲು ಅದು ಜಾತ್ರೆಯ ಆಟಿಕೆಯಂತೆ ಮಾರಾಟವಾಯಿತು. 1934ರಲ್ಲಿ ಅಲ್ಲಿನ ಸೈನ್ಯದ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಟಪಾಲು ಸಾಗಿಸಲು ಹೋಗಿ ಹಲವರು ಸತ್ತಾಗ, ಸೈನ್ಯ ಆ ಪೆಟ್ಟಿಗೆಗಳನ್ನು ಕೊಂಡಿತು. ಆಟಿಕೆ ಪಾಠಶಾಲೆಯಾಯಿತು. ಮನೆಯ ಕಂಪ್ಯೂಟರಿನಲ್ಲಿ ಆಡುವ ಒಳ್ಳೆಯ ಆಟಗಳು, ಉದಾಹರಣೆಗೆ 2001ರಲ್ಲಿ ರಷ್ಯಾದವರು ಮಾಡಿದ 'ಐಎಲ್-2 ಸ್ಟರ್ಮೊವಿಕ್', ಇದೇ ದಾರಿಯಲ್ಲಿ ಬಂದವು. ಅದರಲ್ಲಿ ವಿಮಾನ ಸ್ಟಾಲ್ ಆಗುತ್ತದೆ, ಗಿರಕಿ ಹೊಡೆದು ಬೀಳುತ್ತದೆ. ಕಷ್ಟ ಬೇಡದವರಿಗೆ ಇವನ್ನು ಒಂದೊಂದಾಗಿ ಬಿಡುವ ಅವಕಾಶವನ್ನೂ ಅದರಲ್ಲೇ ಇಟ್ಟಿದ್ದರು, ಹೆಸರು ಬರೆದು. ನಾನು ಪ್ರಾಮಾಣಿಕತೆ ಎಂದದ್ದು ಇದಕ್ಕೆ.

ನಮ್ಮ ವಾಯುಸೇನೆಯೇ 2019ರಲ್ಲಿ ಒಂದು ಮೊಬೈಲ್ ಆಟ ಬಿಡುಗಡೆ ಮಾಡಿತು. ಬೇರೆ ಆಟಗಳೂ ಬೇಕಾದಷ್ಟಿವೆ. ನಿಮಗೆ ಯಾವುದು ಸಿಕ್ಕರೂ ಗುಂಡು ಹಾರಿಸುವ ಮುಂಚೆ ಪರೀಕ್ಷೆ ಮಾಡಿ. ಎಂಜಿನ್ ಕಡಿಮೆ ಮಾಡಿ ಮೂತಿ ಎತ್ತಿ ಹಿಡಿಯಿರಿ, ವೇಗ ಇಳಿಯುತ್ತದೆಯೇ, ಮೂತಿ ಕೆಳಗೆ ಬೀಳುತ್ತದೆಯೇ ನೋಡಿ. ಎತ್ತರ ಬದಲಾಗದಂತೆ ಬಿಗಿಯಾಗಿ ಒಂದು ಪೂರ್ತಿ ಸುತ್ತು ಹೊಡೆದು, ಸುತ್ತಿನ ಮೊದಲು ಮತ್ತು ಕೊನೆಗೆ ವೇಗ ಬರೆದುಕೊಳ್ಳಿ. ಬಹಳ ಎತ್ತರಕ್ಕೆ ಹೋಗಿ, ಗಾಳಿ ತೆಳುವಾದಾಗ ಎಂಜಿನ್ನಿನ ಬಲ ಕುಗ್ಗುತ್ತದೆಯೇ ಗಮನಿಸಿ. ಇನ್ನೂ ಒಂದು ಇದೆ, ಆದರೆ ಇದರಲ್ಲಿ ಒಳ್ಳೊಳ್ಳೆಯ ಆಟಗಳೂ ಎಡವಬಹುದು. ನಮ್ಮ ಕಡೆಯ ಬೇಸಿಗೆಯ 40 ಡಿಗ್ರಿ ಮಧ್ಯಾಹ್ನದ ಗಾಳಿ, ಚಳಿಗಾಲದ 15 ಡಿಗ್ರಿ ಬೆಳಗಿನ ಗಾಳಿಗಿಂತ ಸುಮಾರು ನೂರಕ್ಕೆ 8ರಷ್ಟು ತೆಳು. ತೆಳು ಗಾಳಿಯಲ್ಲಿ ವಿಮಾನ ಮೇಲೇಳಲು ಹೆಚ್ಚು ವೇಗ ಬೇಕು, ಹೆಚ್ಚು ದೂರ ಓಡಬೇಕು. ನಿಮ್ಮ ಆಟದಲ್ಲಿ ಬೇಸಿಗೆ ಇದೆಯೇ?

ಬಸ್ ನಿಲ್ದಾಣದ ಹುಡುಗ ಕೊನೆಗೆ ಒಂದು ಮಾತು ಕೇಳಿದ್ದ. ತಿಕೋಟಾ ಬಸ್ಸು ಬಂದು ನಿಂತಿತ್ತು, ಜನ ನುಗ್ಗುತ್ತಿದ್ದರು. "ಸರ್, ಹಂಗಾದ್ರ ವಿಮಾನ ಬೀಳೂ ಆಟ ಚಲೋನೋ, ಬೀಳಲಾರದ್ದು ಚಲೋನೋ?" ಎಂದ. ಬೀಳುವುದೇ ಚಲೋ ಎಂದೆ. ಅವನು ನಂಬಲಿಲ್ಲ. ಬಸ್ಸಿನ ಕಿಟಕಿಯ ಪಕ್ಕ ಕೂತು, ಮೊಬೈಲನ್ನು ತಮ್ಮನ ಕೈಗೆ ಕೊಟ್ಟು, ಚೀಲದಿಂದ ನೋಟ್‌ಬುಕ್ ತೆಗೆದು ಒಂದು ಹಾಳೆ ಹರಿದ.